ನೆಲ ಉಂಡ ಮೇಲೆ

ನಮ್ಮೂರಿನಲ್ಲಿ ಊಟದ ಹೊತ್ತನ್ನು ಹೇಳುವುದು ಗಡಿಯಾರವಲ್ಲ, ಹಿತ್ತಲು. ಗಿಡದ ಬೇರು ನೆಲದೊಳಗಿನವರಿಗೆ ಬಡಿಸಿದಾಗ ಮಣ್ಣಿನಿಂದ ಒಂದು ವಾಸನೆ ಏಳುತ್ತದೆ. ಆಗಷ್ಟೇ ಮಳೆ ಬಿದ್ದ ಅಂಗಳದಲ್ಲಿ ಯಾರೋ ಬೆಲ್ಲ ಕಾಸುತ್ತಿದ್ದಾರೆ ಅನ್ನಿಸುವಂಥ ವಾಸನೆ. ಅದು ಬಂದ ಮೇಲೆಯೇ ಆ ಮನೆಯ ಒಲೆ ಹೊತ್ತಬೇಕು. ನೆಲ ಉಣ್ಣುವ ಮೊದಲು ಒಲೆ ಹಚ್ಚುವುದೆಂದರೆ ಬೀಗರನ್ನು ಕಟ್ಟೆಯ ಮೇಲೆ ಕೂರಿಸಿ, ಒಳಗೆ ಚಿಲಕ ಹಾಕಿಕೊಂಡು ಉಂಡ ಹಾಗೆ. ಚಹಾದ ಸ್ಟೋವಿಗೆ ಮಾತ್ರ ವಿನಾಯಿತಿ ಇದೆ. ಚಹಾ ಬೀಳದೆ ಮೂಗು ತೆರೆಯುವುದಿಲ್ಲ ಎಂದು ಹಿರಿಯರು ಹಿಂದೆಯೇ ತೀರ್ಮಾನ ಮಾಡಿದ್ದಾರೆ.

ಒಂದೊಂದು ಮನೆಗೂ ಒಂದೊಂದು ಹೊತ್ತು. ಸೌತೆ ಬಳ್ಳಿಯ ದ್ಯಾಮವ್ವನ ಮನೆಯಲ್ಲಿ ಬಿಸಿಲೇರುವ ಮುಂಚೆಯೇ ಊಟ ಮುಗಿದಿರುತ್ತದೆ. ತೊಗರಿ ಬೆಳೆಸಿದ ಗುರುಶಾಂತ ಕಾಕಾನ ಮನೆಯಲ್ಲಿ ಮಧ್ಯಾಹ್ನ ಜಾರಿದರೂ ಪಾತ್ರೆ ಸದ್ದು ಮಾಡುವುದಿಲ್ಲ. ಹೆಣ್ಣು ನೋಡಲು ಬಂದವರು ಮೊದಲು ಕೇಳುವ ಮಾತೇ "ನಿಮ್ಮನಿ ಹೊತ್ತು ಯಾವುದ್ರಿ?" ಎಂದು. ಮೋಡ ಮುಸುಕಿದ ದಿನ ಬೇರುಗಳು ಕೈ ಬಿಗಿ ಹಿಡಿಯುತ್ತವೆ, ಊರೆಲ್ಲ ಹಸಿದು ಸಿಡಿಮಿಡಿ ಎನ್ನುತ್ತದೆ. ಅಂಥ ದಿನ ನಾವು ಯಾರೂ ಪಂಚಾಯಿತಿ ಸೇರಿಸುವುದಿಲ್ಲ.

ನೆಲದೊಳಗಿನವರನ್ನು ಪುಸ್ತಕದಲ್ಲಿ ಬ್ಯಾಕ್ಟೀರಿಯಾ ಎನ್ನುತ್ತಾರೆ. ನಾವು ಒಳಗಿನವರು ಎನ್ನುತ್ತೇವೆ. ಹೈಸ್ಕೂಲಿನ ಹೆಡ್‌ಮಾಸ್ತರರು ಪ್ರತಿ ವರ್ಷ ಸೂಕ್ಷ್ಮದರ್ಶಕದಲ್ಲಿ ಅವರನ್ನು ತೋರಿಸುತ್ತಾರೆ. ಒಂದು ಸಾಸಿವೆ ಕಾಳಿನ ಮೇಲೆ ಊರಿಗೆ ಊರೇ ಚಾಪೆ ಹಾಸಿ ಕೂರಬಹುದು, ಅಷ್ಟು ಸಣ್ಣವರು. ಬೇರು ಸಿಹಿ ಬಡಿಸುತ್ತದೆ, ಅವರು ಉಂಡ ಋಣ ಇಟ್ಟುಕೊಳ್ಳುವುದಿಲ್ಲ. ಗಾಳಿಯಲ್ಲಿರುವ ಸಾರವನ್ನು ಹಿಡಿದು ತಂದು ಕೊಡುವವರು ಕೆಲವರು. ಮಣ್ಣಿನಲ್ಲಿ ಕಲ್ಲಾಗಿ ಕೂತಿದ್ದನ್ನು ಕರಗಿಸಿ ಕೊಡುವವರು ಕೆಲವರು. ಇನ್ನು ಕೆಲವರು ಏನೂ ತರದೆ, ಇನ್ನೊಂದಿಷ್ಟು ಕೈಚಾಚು ಎಂದು ಬೇರನ್ನು ಪುಸಲಾಯಿಸಿಯೇ ಬೆಳೆಸುತ್ತಾರೆ. ನಮ್ಮ ಸೋದರತ್ತೆಯರ ಹಾಗೆ.

ನನ್ನ ಹೆಸರು ರಾಚವ್ವ. ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಖಾನಾವಳಿ ಇದೆ. ನನ್ನ ಹಿತ್ತಲಿನಲ್ಲಿ ಬದನೆ, ಮೆಣಸು, ನುಗ್ಗೆ, ಬಸಳೆ, ಅವರೆ ಎಲ್ಲ ಕಿಕ್ಕಿರಿದು ಬೆಳೆದಿರುವುದರಿಂದ ಬೆಳಗಿನಿಂದ ಸಂಜೆಯವರೆಗೂ ಯಾರದಾದರೂ ಪಂಕ್ತಿ ನಡೆದೇ ಇರುತ್ತದೆ. ಹಾಗಾಗಿ ನನ್ನ ಒಲೆ ಆರುವುದೇ ಇಲ್ಲ. ಪರವೂರಿನವರು, ಒಂಟಿ ಗಂಡಸರು, ಮೋಡದ ದಿನ ತಾಳಲಾರದವರು, ಎಲ್ಲರೂ ನನ್ನಲ್ಲಿಗೆ ಬರುತ್ತಾರೆ. ಬಂದವರನ್ನು ನಾನು ಸುಮ್ಮನೆ ಬಿಡುವುದಿಲ್ಲ. ನಮ್ಮ ಕಡೆ ಬಡಿಸುವುದೆಂದರೆ ಒತ್ತಾಯ ಮಾಡುವುದು. ತಟ್ಟೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ರೊಟ್ಟಿ ಇಡುತ್ತೇವೆ. ಬೇಡ ಎಂದವರಿಗೆ ಒಂದು, ಬೇಡವೇ ಬೇಡ ಎಂದವರಿಗೆ ಎರಡು. ಈ ವಿಷಯದಲ್ಲಿ ಊರಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ.

ಮೋಟಾರು ವೈಂಡಿಂಗ್ ಮಾಡುವ ಕಲ್ಮೇಶ ಕಳೆದ ವರ್ಷ ಸಮುದ್ರದ ಕಡೆಯ ಹುಡುಗಿಯನ್ನು ಮದುವೆಯಾಗಿ ಕರೆತಂದ. ವಾರಿಜ ಎಂದು ಹೆಸರು. ಸಣ್ಣ ಹುಡುಗಿ, ನೆಟ್ಟ ನೋಟ, ಮನಸ್ಸಿನಲ್ಲಿದ್ದದ್ದನ್ನು ಬಾಯಲ್ಲಿ ಆಡಿಬಿಡುವ ಗುಣ. ಅವರಿಬ್ಬರೂ ಮನೆ ಕಟ್ಟಿಕೊಂಡದ್ದು ಓಣಿಯ ಕೊನೆಯಲ್ಲಿ, ಹಳೆಯ ಇಟ್ಟಂಗಿ ಭಟ್ಟಿ ಇದ್ದ ಜಾಗದಲ್ಲಿ. ಅಲ್ಲಿ ಮಣ್ಣು ವರ್ಷಾನುಗಟ್ಟಲೆ ಬೆಂದು ಬೆಂದು ಒಳಗಿನವರು ಒಬ್ಬರೂ ಉಳಿದಿರಲಿಲ್ಲ. ಹೊಸ ಮನೆಗೆ ಮಣ್ಣು ಕೂಡಿಸುವುದು ನಮ್ಮ ಪದ್ಧತಿ. ಮನೆಮನೆಯವರೂ ತಮ್ಮ ಹಿತ್ತಲಿನಿಂದ ಒಂದೊಂದು ಹಿಡಿ ಮಣ್ಣು ತಂದು ಸುರಿದೆವು. ನಾನು ನನ್ನ ಅವರೆ ಚಪ್ಪರದ ಬುಡದಿಂದ ತಂದೆ. ವಾರಿಜ ಆ ಮಣ್ಣಿನಲ್ಲಿ ಅವರೆ ಬೀಜ ಊರಿದಳು. ಅವರೆ ಧಾರಾಳ ಸ್ವಭಾವದ್ದು, ಎಲ್ಲಕ್ಕಿಂತ ಬೇಗ ಪಂಕ್ತಿ ಹಾಕುತ್ತದೆ. ಅದರ ನೆಲ ಉಣ್ಣುವವರೆಗೆ ಗಂಡ ಹೆಂಡತಿ ನನ್ನ ಖಾನಾವಳಿಯಲ್ಲಿ ಉಣ್ಣುವುದೆಂದು ಮಾತಾಯಿತು.

ಬಳ್ಳಿ ಮೊಳೆಯಿತು, ಎಲೆ ಬಿಟ್ಟಿತು, ಹಬ್ಬಿತು. ನೆಲ ಮಾತ್ರ ಉಣ್ಣಲಿಲ್ಲ.

ಊರಿಗೆ ಕರುಳು ಚುರ್ ಎಂದಿತು. ಪಾಪ, ಹೊಸ ಜೋಡಿ, ಸುಟ್ಟ ನೆಲ, ಬಳ್ಳಿಗೆ ಶಕ್ತಿ ಸಾಲದು ಎಂದರು. ಗುರುಶಾಂತ ಕಾಕಾ ಕುರಿ ಹಿಕ್ಕೆ ನೆನೆಸಿದ ನೀರು ಹೊತ್ತು ತಂದ. ದ್ಯಾಮವ್ವ ಸಗಣಿ ರಾಡಿ ತಂದು ಹೊಯ್ದಳು. ಗಾಣದ ಮನೆಯವರು ಶೇಂಗಾ ಹಿಂಡಿ ಕೊಟ್ಟರು. ಹೆಡ್‌ಮಾಸ್ತರರು ಪೇಟೆಯಿಂದ ಬಿಳಿ ಗೊಬ್ಬರ ತರಿಸಿದರು. ನಾನು ದಿನಾ ಅಕ್ಕಿ ತೊಳೆದ ನೀರು ಕಳಿಸಿದೆ. ಕಲ್ಮೇಶ ಗೊಬ್ಬರದ ನೀರನ್ನು ಕೆಲಸಕ್ಕೆ ಹೋಗುವಾಗ ಒಂದು ತಂಬಿಗೆ, ಬರುವಾಗ ಒಂದು ತಂಬಿಗೆ ಸುರಿಯುತ್ತಿದ್ದ. ಬಳ್ಳಿಯ ಎಲೆ ನೋಡಬೇಕಿತ್ತು, ಕಪ್ಪು ಹಸಿರು, ಮುತ್ತುಗದ ಎಲೆಯಷ್ಟು ಅಗಲ.

"ಏನ್ ಬಳ್ಳಿ ಐತವಾ! ಹುಟ್ಟಿದಾಗಿಂದ ಇಂಥಾ ಎಲಿ ನೋಡಿಲ್ಲ ನಾನು," ಎಂದು ಗುರುಶಾಂತ ಕಾಕಾ ತಲೆದೂಗಿದ.

"ಎಲೆ ಉಂಟು ಕಾಕಾ, ಹೂವೆಲ್ಲಿ? ವಾಸನೆಯೆಲ್ಲಿ?" ಎಂದಳು ವಾರಿಜ.

ಪ್ರತಿ ಮಧ್ಯಾಹ್ನ ಅವಳು ಬಳ್ಳಿಯ ಬುಡದಲ್ಲಿ ಬೋರಲು ಮಲಗಿ ಮಣ್ಣಿಗೆ ಮೂಗು ಹಚ್ಚುತ್ತಿದ್ದಳು. ಆಮೇಲೆ ಎದ್ದು, ಮೂಗಿಗಂಟಿದ ಮಣ್ಣನ್ನು ಸೆರಗಿನಿಂದ ಒರೆಸಿಕೊಂಡು, ಗಂಡನ ಜೊತೆ ನನ್ನಲ್ಲಿಗೆ ಉಣ್ಣಲು ಬರುತ್ತಿದ್ದಳು. ಕಲ್ಮೇಶ ನಾಲ್ಕು ರೊಟ್ಟಿ ಬಾರಿಸಿ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದ. ಅವಳು ಒಂದರಲ್ಲೇ ಕೈ ಆಡಿಸುತ್ತಾ ಕೂರುತ್ತಿದ್ದಳು.

ಒಂದು ದಿನ ಅವಳು ಅಡುಗೆ ಮನೆಗೆ ಬಂದು ನನ್ನ ಪಕ್ಕದ ಮಣೆಯ ಮೇಲೆ ಕೂತಳು. "ರಾಚಕ್ಕಾ, ನನ್ನ ಮನೆಯಲ್ಲಿ ಇವತ್ತಿನವರೆಗೆ ಒಂದು ಒಗ್ಗರಣೆಯ ಸದ್ದು ಆಗ್ಲಿಲ್ಲ. ಪಾತ್ರೆಗಳೆಲ್ಲ ಕಾಗದ ಸುತ್ತಿದ ಹಾಗೇ ಉಂಟು. ಅದು ಮನೆಯಾ? ರಾತ್ರಿ ಮಲಗ್ಲಿಕ್ಕೆ ಹೋಗುವ ಲಾಡ್ಜು. ಸಂಕ್ರಾಂತಿ ಕಳೆದ ಮೇಲೆ ಅಮ್ಮ ಬರ್ತಾರೆ. ಅವರು ಹೊರಡುವುದರೊಳಗೆ ಒಲೆ ಹೊತ್ತದಿದ್ರೆ ನಾನೂ ಅವರ ಜೊತೆ ಹೋಗ್ತೇನೆ."

"ಮತ್ತ ಕಲ್ಮೇಶ?"

"ಅವರು ಬರುದಿಲ್ಲ. ಈ ಊರಿನ ಮೋಟಾರು ಎಲ್ಲ ಅವರ ಕೈಯಲ್ಲೇ ಉಂಟಲ್ಲ. ಕೇಳಿದೆ, ಸುಮ್ಮನೆ ಕೂತ್ರು."

ನನಗೆ ಮಕ್ಕಳಿಲ್ಲ. ನನ್ನ ಅಡುಗೆ ಮನೆಗೆ ಕರೆಯದೆ ಬಂದು ಮಣೆ ಎಳೆದುಕೊಂಡು ಕೂತವರು ಅವಳ ಮೊದಲು ಯಾರೂ ಇರಲಿಲ್ಲ. ಹೋಗಬೇಡ ಎನ್ನಲು ಬಾಯಿ ಬರಲಿಲ್ಲ, ನನಗೆ ಬರುವುದು ಬಡಿಸುವುದೊಂದೇ. ಇನ್ನೊಂದು ರೊಟ್ಟಿ ಹಾಕಲು ಹೋದೆ. ಅವಳು ತಟ್ಟೆ ಹಿಂದಕ್ಕೆ ಎಳೆದುಕೊಂಡಳು.

ಅದಾಗಿ ನಾಲ್ಕಾರು ದಿನಕ್ಕೆ ಅವಳು ಒಂದು ಅವರೆ ಸಸಿಯನ್ನು ಬೇರು ಸಮೇತ ಕಿತ್ತುಕೊಂಡು ಓಡಿ ಬಂದಳು. ಬಳ್ಳಿಯ ಜೊತೆಗೇ ಹುಟ್ಟಿ, ಅದೇ ಗೊಬ್ಬರ ತಿಂದು ಬೆಳೆದ ಸಸಿ. ಬೇರು ತೊಳೆದು ನನ್ನ ಮುಂದೆ ಹಿಡಿದಳು. ಬಿಳಿ, ನುಣುಪು, ಶಾವಿಗೆಯಂಥ ಬೇರು. "ನಿಮ್ಮ ಅವರೆಯ ಬೇರೂ ಹೀಗೇ ಉಂಟಾ?" ಎಂದು ಕೇಳಿದಳು.

ನಾನು ನನ್ನ ಅವರೆಯ ಬೇರನ್ನು ಎಂದೂ ನೋಡಿದವಳಲ್ಲ. ಕಾಯಿ ಬಿಡುವ ಗಿಡವನ್ನು ಯಾರು ಕಿತ್ತು ನೋಡುತ್ತಾರೆ? ಒರಳು ಕಲ್ಲಿನ ಹಿಂದೆ, ಸಂದಿಯಲ್ಲಿ, ತಾನಾಗಿ ಹುಟ್ಟಿದ ಒಂದು ಬಡಕಲು ಗಿಡವಿತ್ತು. ಅದಕ್ಕೆ ನಾನು ನೀರನ್ನೂ ನೆಟ್ಟಗೆ ಹಾಕಿದವಳಲ್ಲ, ಆದರೂ ಮೈತುಂಬ ಹೂ ಬಿಟ್ಟಿತ್ತು. ಹೋಗಲಿ ಎಂದು ಅದನ್ನೇ ಕಿತ್ತೆ. ಬೇರಿನ ತುಂಬ ಗಂಟು. ನವಣೆಯಷ್ಟು, ಜೋಳದಷ್ಟು, ಒತ್ತೊತ್ತಾಗಿ ಕಚ್ಚಿಕೊಂಡು ಕೂತಿದ್ದವು. ವಾರಿಜ ಒಂದನ್ನು ಉಗುರಿನಿಂದ ಸೀಳಿದಳು. ಒಳಗೆ ಕೂಸಿನ ವಸಡಿನ ಹಾಗೆ ಗುಲಾಬಿ ಬಣ್ಣ. ಜೊತೆಗೇ ಆ ವಾಸನೆ, ಹತ್ತಿರದಿಂದ, ಗಟ್ಟಿಯಾಗಿ ಬಂತು.

"ಇದು ಒಳಗಿನವರ ಮನೆ," ಎಂದೆ ನಾನು.

ವಾರಿಜ ಎರಡೂ ಬೇರುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಳು. ಆಚೆ ಪಡಸಾಲೆಯಲ್ಲಿ ಕಲ್ಮೇಶ ಮೂರನೇ ರೊಟ್ಟಿಗೆ ಕೈ ಹಾಕಿದ್ದ. ಅವಳು ಅವನನ್ನು ನೋಡಿದಳು, ಬೇರನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. "ರಾಚಕ್ಕಾ, ಕೂತಲ್ಲಿಗೇ ಎಲ್ಲ ಬಂದು ಬಿದ್ರೆ ಯಾರು ಯಾರನ್ನು ಕರೀತಾರೆ? ಈ ಸಂದಿಯ ಗಿಡಕ್ಕೆ ಯಾರೂ ಬಡಿಸ್ಲಿಲ್ಲ. ಅದಕ್ಕೆ ಹಸಿವಾಯ್ತು. ಹಸಿವಾದ್ದಕ್ಕೆ ಅದು ಇವರನ್ನು ಕರೆದು ಮನೆ ಕೊಟ್ಟು ಊಟ ಹಾಕಿತು. ನನ್ನ ಬಳ್ಳಿಗೆ ಹಸಿವೇ ಆಗ್ಲಿಲ್ಲ. ನಾವು ಆಗ್ಲಿಕ್ಕೆ ಬಿಡ್ಲಿಲ್ಲ."

ಅವಳು ಹೇಳಿದ್ದು ಸರಿಯೋ ತಪ್ಪೋ ನನಗೆ ಗೊತ್ತಾಗಲಿಲ್ಲ. ಹಸಿದವರಿಗೆ ಹಾಕು ಎಂದು ಕಲಿತ ಕೈ ಇದು, ಹಸಿಯಲು ಬಿಡು ಎಂದರೆ ಹೇಗೆ ಒಪ್ಪೀತು? ಆದರೆ ಬೇರುಗಳು ಕಣ್ಣೆದುರೇ ಇದ್ದವು. ಮರುದಿನ ನಾನು ಅವಳ ಹಿತ್ತಲ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ, ಕೈಯಲ್ಲಿ ಸಾರಿನ ಸೌಟು. ದ್ಯಾಮವ್ವ ಬುಟ್ಟಿ ತುಂಬ ಹಿಂಡಿ ಹೊತ್ತು ಬಂದಳು.

"ಒಳಗ ಬಿಡು, ರಾಚಿ."

"ಇವತ್ತಿಂದ ಇಲ್ಲಿ ಯಾರೂ ಏನೂ ಹಾಕೂಹಂಗಿಲ್ಲ."

"ನೀ ಹೇಳ್ತಿ ಈ ಮಾತು? ನೀನು? ಊರ ಮಂದಿ ಹೊಟ್ಟಿ ಒಡಿಯೂ ಹಂಗ ತುರುಕಾಕಿ ನೀನು!"

ಊರೆಲ್ಲ ಗುಲ್ಲಾಯಿತು. ಪರವೂರಿನ ಹುಡುಗಿ ಬಳ್ಳಿಯನ್ನು ಉಪವಾಸ ಕೆಡವುತ್ತಿದ್ದಾಳೆ, ರಾಚವ್ವ ಕಾವಲು ಕೂತಿದ್ದಾಳೆ ಎಂದರು. ಗುರುಶಾಂತ ಕಾಕಾ ನನ್ನ ಖಾನಾವಳಿಯ ಮುಂದೆ ಹಾದುಹೋಗುವಾಗ ಮುಖ ಆಚೆ ತಿರುಗಿಸತೊಡಗಿದ. ಅತ್ತ ಬಳ್ಳಿಯ ಕಪ್ಪು ಹಸಿರು ತಿಳಿಯಾಯಿತು, ಆಮೇಲೆ ಬುಡದ ಎಲೆಗಳು ಹಳದಿಗೆ ತಿರುಗಿ ಒಂದೊಂದಾಗಿ ಉದುರಿದವು. ವಾರಿಜ ಉದುರಿದ ಎಲೆಗಳನ್ನು ಆರಿಸಿ ಮಡಿಲಿನಲ್ಲಿ ತುಂಬಿಕೊಳ್ಳುತ್ತಿದ್ದಳು.

ಆ ಹೊತ್ತಿಗೇ ಅವಳ ತಾಯಿ ಗುಲಾಬಿಯಮ್ಮ ಬಂದಿಳಿದರು. ಚೀಲದ ತುಂಬ ಕುಚಲಕ್ಕಿ, ತೆಂಗಿನಕಾಯಿ, ಮಾವಿನ ಮಿಡಿ ಉಪ್ಪಿನಕಾಯಿ. ಮಗಳ ಅಡುಗೆ ಮನೆ ನೋಡಿದವರೇ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಗ್ಯಾಸು ಉಂಟು, ಪಾತ್ರೆ ಉಂಟು, ಅಕ್ಕಿ ನಾನು ತಂದಿದ್ದೇನೆ. ಹಚ್ಚಲಿಕ್ಕೆ ಎಂತ ಅಡ್ಡಿ?"

"ನೆಲ ಇನ್ನೂ ಉಣ್ಲಿಲ್ಲಮ್ಮ."

"ನೆಲ ಉಣ್ಲಿಕ್ಕೆ ಅದಕ್ಕೆ ಬಾಯಿ ಉಂಟಾ? ಎಂತ ಊರು ಮಾರಾಯ್ತಿ ಇದು!"

ವಾರಿಜ ಗ್ಯಾಸು ಹಚ್ಚಬಹುದಿತ್ತು. ಯಾರೂ ಪೊಲೀಸರನ್ನು ಕರೆಯುತ್ತಿರಲಿಲ್ಲ. ಆದರೆ ಹಚ್ಚಲಿಲ್ಲ. "ಎಲ್ಲರ ಮನೆಯಲ್ಲಿ ನೆಲ ಕರೆದ ಮೇಲೆ ಹಚ್ತಾರೆ. ನನ್ನ ಮನೆಯಲ್ಲೂ ಕರೀಬೇಕು," ಎಂದಳು. ತಾಯಿಗೆ ಅದು ಅರ್ಥವಾಗಲಿಲ್ಲ. ನನಗೆ ಆಯಿತು.

ಒಂದು ಸಂಜೆ ನಾನು ಸ್ಟೂಲಿನಿಂದ ಎದ್ದು ಹೊರಟಿದ್ದೆ. ಕಲ್ಮೇಶ ಬೆನ್ನ ಹಿಂದೆ ತಂಬಿಗೆ ಮರೆಮಾಡಿಕೊಂಡು ಬಳ್ಳಿಯ ಕಡೆ ಹೋಗುವುದು ಕಂಡಿತು. ತಂಬಿಗೆಯಲ್ಲಿ ಬಿಳಿ ಗೊಬ್ಬರದ ನೀರು. ನಾನು ಕೂಗುವ ಮೊದಲೇ ವಾರಿಜ ಒಳಗಿನಿಂದ ಬಂದು ತಂಬಿಗೆಗೆ ಕೈ ಹಾಕಿದಳು.

"ಸಾಯಾಕತ್ತೈತಿ ಅದು! ಕಣ್ಣ ಮುಂದ ಸಾಯೂದು ಹ್ಯಾಂಗ ನೋಡ್ಲಿ?" ಎಂದ ಅವನು. "ಇದು ಸತ್ತರ ನೀ ಹೊಂಟು ಹೊಕ್ಕಿ."

ಅವಳು ತಂಬಿಗೆಯ ಮೇಲಿನ ಕೈ ತೆಗೆಯಲಿಲ್ಲ. "ಹೋಗ್ಬೇಡ ಅಂತ ನೀವು ಒಂದು ಸಲವಾದ್ರೂ ಹೇಳಿದ್ದುಂಟಾ?"

"ಹೇಳಬೇಕಾ?"

"ಹೇಳಬೇಕು. ಕರೆದ್ರೆ ತಾನೆ ಗೊತ್ತಾಗುದು."

"ಹೋಗಬ್ಯಾಡ," ಎಂದ ಕಲ್ಮೇಶ. ಇಷ್ಟು ದೊಡ್ಡ ಗಂಡಸು, ಹೈಸ್ಕೂಲು ಹುಡುಗನ ಹಾಗೆ ಅಂದುಬಿಟ್ಟ. ತಂಬಿಗೆ ಅವನ ಕೈಯಿಂದ ಅವಳ ಕೈಗೆ ಬಂತು. ಅವಳು ಅದನ್ನು ಒಯ್ದು ದೂರದ ಚರಂಡಿಗೆ ಸುರಿದಳು. ನಾನು ಕಣ್ಣೊರೆಸಿಕೊಂಡು, ಕಾಣಲಿಲ್ಲ ಎಂಬಂತೆ ಮನೆಗೆ ಬಂದೆ. ಮಾರನೆಯ ದಿನ ಅವನು ನನ್ನಲ್ಲಿ ಎರಡೇ ರೊಟ್ಟಿ ಉಂಡು ಎದ್ದ. ಒತ್ತಾಯ ಮಾಡಲು ಕೈ ಮುಂದಾಯಿತು, ಕಷ್ಟಪಟ್ಟು ಹಿಂದಕ್ಕೆ ತೆಗೆದುಕೊಂಡೆ.

ಆದರೆ ಮಾತು ಆಡಿದ ಮಾತ್ರಕ್ಕೆ ಒಲೆ ಹೊತ್ತುವುದಿಲ್ಲ. ಗುಲಾಬಿಯಮ್ಮ ಹೊರಡುವ ದಿನ ಗೊತ್ತು ಮಾಡಿದರು. ವಾರಿಜ ಕೊಟ್ಟ ಮಾತಿಗೆ ತಪ್ಪುವವಳಲ್ಲ, ಅವಳೂ ಚೀಲ ತುಂಬಿಕೊಂಡಳು. ಬಳ್ಳಿ ಹಳದಿಯಾಗಿಯೇ ಇತ್ತು, ಆದರೆ ತುದಿಯಲ್ಲಿ ಒಂದೆರಡು ಹೊಸ ಎಲೆ ಬಿಟ್ಟಿತ್ತು. ಸಣ್ಣ ಎಲೆ, ಒಳ್ಳೆಯ ಹಸಿರು. ಅದನ್ನು ನಾನೂ ಅವಳೂ ನೋಡಿದೆವು, ನೋಡಿದೆವೆಂದು ಒಬ್ಬರಿಗೊಬ್ಬರು ಹೇಳಲಿಲ್ಲ. ಅದರ ಮೇಲೆ ಮೋಡ ಕವಿಯಿತು. ಹೊತ್ತಲ್ಲದ ಹೊತ್ತಿನ ಮೋಡ, ಊರಿನ ಯಾವ ನೆಲವೂ ನೆಟ್ಟಗೆ ಉಣ್ಣಲಿಲ್ಲ. ನನ್ನ ಖಾನಾವಳಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಸಿದ ಜನ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದರು, ಮುಖ ತಿರುಗಿಸಿದ್ದ ಗುರುಶಾಂತ ಕಾಕಾ ಕೂಡ ಮೂಲೆಯಲ್ಲಿ ಕೂತು ರೊಟ್ಟಿಗೆ ಸೊಪ್ಪು ಬೇಳೆಯ ಮುದ್ದಿ ಪಲ್ಯ ಕೇಳಿ ಹಾಕಿಸಿಕೊಂಡ.

ಹೊರಡುವ ದಿನವೂ ಬೆಳಿಗ್ಗೆ ಅದೇ ಮೋಡ. ಮಧ್ಯಾಹ್ನದ ಹೊತ್ತಿಗೆ ಒಂದು ಗಾಳಿ ಬೀಸಿ ಆಕಾಶ ಬಿಚ್ಚಿಕೊಂಡಿತು. ಬಿಸಿಲು ಬಿತ್ತು. ನಾನು ಬೀಳ್ಕೊಡಲು ಓಣಿಯ ಕೊನೆಗೆ ಹೋದೆ. ವಾರಿಜ ಬಳ್ಳಿಯ ಬುಡದಲ್ಲಿ ಬೋರಲು ಬಿದ್ದು, ಎದ್ದು, ಇಲ್ಲ ಎಂಬಂತೆ ತಲೆಯಾಡಿಸಿದಳು. ಕಲ್ಮೇಶ ಅತ್ತೆಯ ಚೀಲ ಎತ್ತಿಕೊಂಡ. ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರ್ನು ಕೇಳಿಸಿತು. ನಾಲ್ವರೂ ಹಿತ್ತಲ ಬಾಗಿಲು ದಾಟಿ ಓಣಿಗೆ ಬಂದೆವು.

ಗುಲಾಬಿಯಮ್ಮ ತಟ್ಟನೆ ನಿಂತರು. ಹಿಂದಕ್ಕೆ ತಿರುಗಿ, ಮೂಗು ಅರಳಿಸಿ, ಸಿಡುಕಿನಿಂದಲೇ ಕೇಳಿದರು: "ಇಷ್ಟು ಹೊತ್ತಿಗೆ ಯಾರ ಮನೆಯಲ್ಲಿ ಬೆಲ್ಲ ಕಾಯಿಸ್ತಾ ಇದ್ದಾರೆ?"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಮೂಗುಗಳು ಆಸೆಪಟ್ಟು ಆಸೆಪಟ್ಟು ಕೆಟ್ಟಿದ್ದವು, ನಮಗೆ ಯಾವ ವಾಸನೆಯೂ ಹತ್ತಿರಲಿಲ್ಲ. ಏನನ್ನೂ ನಂಬದ ಆ ಹೆಂಗಸಿನ ಮೂಗಿಗೆ ಮೊದಲು ಹತ್ತಿತು. ಆಮೇಲೆ ನನಗೂ ಬಂತು, ಎಳೆಯ ವಾಸನೆ, ಒಮ್ಮೆ ಬಂದು, ಹೋಗಿ, ಮತ್ತೆ ಬಂದು ನಿಂತಿತು. ವಾರಿಜ ಚೀಲವನ್ನು ಓಣಿಯಲ್ಲೇ ಬಿಟ್ಟು ಓಡಿದಳು. ನಾವು ಹೋಗುವಷ್ಟರಲ್ಲಿ ಅವಳು ಬಳ್ಳಿಯ ಬುಡದಲ್ಲಿ ಕೂತು ಎರಡು ಕೈಯಲ್ಲೂ ನೆಲ ಮುಟ್ಟಿಕೊಂಡು ಅಳುತ್ತಿದ್ದಳು.

"ಎಂತಕ್ಕೆ ಅಳುದು ಹೆಣ್ಣೇ? ಬಸ್ಸು ಹೋಯ್ತು," ಎಂದರು ಗುಲಾಬಿಯಮ್ಮ. ಆಮೇಲೆ ಅವರೂ ಬಾಗಿ ಮಣ್ಣು ಮೂಸಿದರು, ಮತ್ತೊಮ್ಮೆ ಮೂಸಿದರು, ಒಳಗೆ ಹೋಗಿ ಪಾತ್ರೆಗಳ ಕಾಗದ ಬಿಚ್ಚತೊಡಗಿದರು.

ಒಲೆ ಹೊತ್ತಿತು. ಕುಚಲಕ್ಕಿ ಗಂಜಿ, ಕಾಯಿ ಚಟ್ನಿ, ಮಿಡಿ ಉಪ್ಪಿನಕಾಯಿ. ಒಗ್ಗರಣೆ ಚಟಪಟ ಎಂದಾಗ ವಾರಿಜ ಮುಚ್ಚಳ ಹಿಡಿದುಕೊಂಡು ಸುಮ್ಮನೆ ಕೇಳುತ್ತಾ ನಿಂತಿದ್ದಳು. ಮೊದಲ ತಟ್ಟೆ ನನಗೇ ಇಟ್ಟಳು. ನಾನು ಬೇರೆಯವರ ಮನೆಯಲ್ಲಿ ಕೂತು ಉಂಡು ಯಾವ ಕಾಲವಾಗಿತ್ತೋ, ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ಗಂಜಿ ಬಿಸಿಯಾಗಿತ್ತು, ರುಚಿಯಾಗಿತ್ತು. ತಟ್ಟೆ ಖಾಲಿಯಾಯಿತು. ವಾರಿಜ ಸೌಟು ಹಿಡಿದು ಬಂದು, "ಇನ್ನು ಸ್ವಲ್ಪ ಹಾಕ್ಲಾ?" ಎಂದಳು.

"ಬ್ಯಾಡ ಬ್ಯಾಡ, ಸಾಕವಾ," ಎಂದು ನಾನು ತಟ್ಟೆಗೆ ಕೈ ಅಡ್ಡ ಹಿಡಿದೆ. ನಮ್ಮೂರಿನಲ್ಲಿ ಹಾಗೆಂದರೆ ಎರಡು ಸೌಟು ಹಾಕು ಎಂದೇ ಅರ್ಥ, ಹುಟ್ಟಿದ ಕೂಸಿಗೂ ಗೊತ್ತು.

"ಸರಿ," ಎಂದು ಅವಳು ಸೌಟನ್ನು ಪಾತ್ರೆಗೆ ಹಾಕಿ ಮುಚ್ಚಳ ಮುಚ್ಚಿದಳು.

ನಾನು ಅಡ್ಡ ಹಿಡಿದ ಕೈಯನ್ನು ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ಕಲ್ಮೇಶ ತಲೆ ತಗ್ಗಿಸಿ ನಗು ನುಂಗುತ್ತಿದ್ದ. ಕೈ ತೊಳೆದು ಎದ್ದಾಗ ಹೊಟ್ಟೆಯಲ್ಲಿ ಇನ್ನೂ ಒಂದಿಷ್ಟು ಜಾಗ ಉಳಿದಿತ್ತು. ಹಾಗೆ ಅರೆಹಸಿವಿನಲ್ಲಿ ಪಂಕ್ತಿಯಿಂದ ಎದ್ದದ್ದು ನನ್ನ ಜನ್ಮದಲ್ಲೇ ಮೊದಲು.

ಮರುದಿನ ಬಿಸಿಲು ವಾಲುವ ಹೊತ್ತಿಗೆ ಓಣಿಯ ಕೊನೆಯಿಂದ ಆ ವಾಸನೆ ಬಂತು. ಖಾನಾವಳಿಯಲ್ಲಿ ಕೂತಿದ್ದವರಿಗೆ ನೀವೇ ಬಡಿಸಿಕೊಳ್ಳಿ ಎಂದು ಹೇಳಿ, ಯಾರೂ ಕರೆಯದಿದ್ದರೂ ನಾನು ಅವಳ ಮನೆಗೆ ಉಣ್ಣಲು ಹೋದೆ.